ನಡೆದು ಹೋಗುವಷ್ಟು ದೂರದ ಅಂಗನವಾಡಿ, ಬಾಲವಾಡಿಗಳನ್ನು ಹೋಲಿಸಿ ನೋಡುವ ಬಗೆ

ನನ್ನ ತಂಗಿಯ ಸಂಸಾರ ಮುಂಬಯಿಯ ಅಂಟಾಪ್ ಹಿಲ್‌ನಲ್ಲಿದೆ. ಅವಳ ಮಗಳಿಗೆ ಮೂರು ವರ್ಷ ತುಂಬಿದಾಗ, ಮನೆಯಿಂದ ಕಾಲ್ನಡಿಗೆಯಲ್ಲಿ ಹದಿನೈದು ನಿಮಿಷದೊಳಗೆ ಶುಲ್ಕವಿಲ್ಲದ ನಾಲ್ಕು ಜಾಗಗಳು ಸಿಕ್ಕವು: ಎರಡು ಅಂಗನವಾಡಿ, ಪಾಲಿಕೆ ಶಾಲೆಯ ಕಟ್ಟಡದಲ್ಲಿ ನಡೆಯುವ ಒಂದು ಬಾಲವಾಡಿ, ಇನ್ನೊಂದು ಪಾಲಿಕೆ ಶಾಲೆಗೆ ಸೇರಿದ ನರ್ಸರಿ ತರಗತಿ. ಯಾರನ್ನು ಕೇಳಿದರೂ ‘ಎಲ್ಲ ಸರ್ಕಾರಿಯೇ ಅಲ್ಲವೇ, ಹತ್ತಿರದ್ದಕ್ಕೆ ಹಾಕಿ’ ಎಂದರು. ನಾಲ್ಕನ್ನೂ ನೋಡಿ ಬಂದ ಮೇಲೆ ನಮಗೆ ತಿಳಿದದ್ದು ಬೇರೆ. ಎರಡು ಗಲ್ಲಿಗಳ ಅಂತರದಲ್ಲಿದ್ದ ಆ ಎರಡು ಅಂಗನವಾಡಿಗಳಿಗೆ ಯೋಜನೆ ಒಂದೇ, ಆಹಾರದ ಲೆಕ್ಕ ಒಂದೇ, ಮೇಲಧಿಕಾರಿಯೂ ಒಬ್ಬರೇ. ಆದರೂ ಅಂಗನವಾಡಿಗೂ ನರ್ಸರಿಗೂ ಇರುವ ವ್ಯತ್ಯಾಸಕ್ಕಿಂತ ಅವೆರಡರ ನಡುವಿನ ವ್ಯತ್ಯಾಸವೇ ದೊಡ್ಡದಾಗಿತ್ತು. ಆದ್ದರಿಂದ ಹೋಲಿಸಬೇಕಾದದ್ದು ಫಲಕದ ಮೇಲಿನ ಹೆಸರನ್ನಲ್ಲ, ಆ ಫಲಕದ ಹಿಂದಿರುವ ಕೋಣೆಯನ್ನು. ಅದಕ್ಕೆ ಎರಡು ವಾರ, ಒಂದು ನೋಟ್‌ಬುಕ್ ಮತ್ತು ಸ್ವಲ್ಪ ದಾಕ್ಷಿಣ್ಯ ಬಿಡುವ ಧೈರ್ಯ ಇದ್ದರೆ ಸಾಕು.

ಯಾವುದು ಯಾರ ಕೈಯಲ್ಲಿದೆ

ಇಷ್ಟನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಪ್ರಶ್ನೆ ಕೇಳಬೇಕಾದ ಕಚೇರಿ ಪ್ರತಿಯೊಂದಕ್ಕೂ ಬೇರೆ. ಅಂಗನವಾಡಿಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಕೂಸು. ಮುಂಬಯಿಯಲ್ಲಿಯೂ ಅದನ್ನು ನಡೆಸುವುದು ರಾಜ್ಯ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯೇ ಹೊರತು ಮಹಾನಗರಪಾಲಿಕೆಯಲ್ಲ. ಅಲ್ಲಿ ಕಲಿಸುವವರನ್ನು ಸೇವಿಕಾ ಎಂದೂ, ಸಹಾಯಕಿಯನ್ನು ಮದತನೀಸ್ ಎಂದೂ, ಹಲವು ಕೇಂದ್ರಗಳ ಮೇಲ್ವಿಚಾರಕಿಯನ್ನು ಮುಖ್ಯಸೇವಿಕಾ ಎಂದೂ ಕರೆಯುತ್ತಾರೆ. ಮಕ್ಕಳು ಸೇವಿಕೆಯನ್ನು ಕೂಗುವುದು ‘ತಾಈ’ ಎಂದು. ಮರಾಠಿಯಲ್ಲಿ ಅದಕ್ಕೆ ಅಕ್ಕ ಎಂದರ್ಥವಾದರೂ ಕನ್ನಡದ ಕಿವಿಗೆ ಅದು ತಾಯಿ ಎಂದೇ ಕೇಳಿಸುತ್ತದೆ, ಕೆಲವರ ವಿಷಯದಲ್ಲಿ ಹಾಗೆ ಕೇಳಿಸುವುದೇ ಸರಿ. ಬಾಲವಾಡಿಗಳು ಪಾಲಿಕೆಯ ಶಿಕ್ಷಣ ವಿಭಾಗದ್ದು. ಸಾಮಾನ್ಯವಾಗಿ ಸ್ವಯಂಸೇವಾ ಸಂಸ್ಥೆಗಳ ಮೂಲಕ ಶಾಲೆಯ ಕೋಣೆಯೊಂದರಲ್ಲಿ ನಡೆಯುತ್ತವೆ. ಮುಂಬೈ ಪಬ್ಲಿಕ್ ಸ್ಕೂಲ್ ಎಂಬ ಹೆಸರಿನ ಪಾಲಿಕೆ ಶಾಲೆಗಳಲ್ಲಿ ನರ್ಸರಿ, ಕೆ.ಜಿ. ತರಗತಿಗಳಿದ್ದು, ಇವುಗಳಲ್ಲಿ ಕೇಂದ್ರೀಯ ಪಠ್ಯಕ್ರಮದ ಶಾಲೆಗಳಿಗೆ ಅರ್ಜಿಗಳು ಹೆಚ್ಚಾದಾಗ ಲಾಟರಿ ಎತ್ತುತ್ತಾರೆ. ಅಂತಹ ನರ್ಸರಿ ನಿಮ್ಮ ಪಟ್ಟಿಯಲ್ಲಿದ್ದರೆ ಲಾಟರಿ ಬರಲಿ ಎಂದು ಕಾಯುತ್ತಾ ಉಳಿದವನ್ನು ನೋಡದೆ ಕೂರಬೇಡಿ.

ಪಟ್ಟಿ ಮಾಡುವುದು

ಮೊದಲು ಗಡಿ ಹಾಕಿಕೊಳ್ಳಬೇಕು. ಮೊಬೈಲಿನ ನಕ್ಷೆ ತೋರಿಸುವ ಹದಿನೈದು ನಿಮಿಷ ದೊಡ್ಡವರ ಹದಿನೈದು ನಿಮಿಷ. ಮೂರು ವರ್ಷದ ಮಗುವಿನ ಕೈಹಿಡಿದು ಅದೇ ದಾರಿಯಲ್ಲಿ ಹೋದರೆ ಬೀದಿನಾಯಿಗೊಂದು ನಿಲುಗಡೆ, ಚರಂಡಿಯ ಹಾಸುಗಲ್ಲಿಗೊಂದು ನಿಲುಗಡೆ, ಕೊನೆಗೆ ‘ಎತ್ತಿಕೋ’ ಎಂಬ ಬೇಡಿಕೆ, ಎಲ್ಲ ಸೇರಿ ಅರ್ಧ ಗಂಟೆಯಾಗುತ್ತದೆ. ದಿನವೂ ಮಗುವನ್ನು ಬಿಡುವವರು ಯಾರು, ಕರೆತರುವವರು ಯಾರು ಎಂಬುದನ್ನು ನಿಶ್ಚಯಿಸಿ, ಅವರೇ ಮಗುವಿನೊಂದಿಗೆ ಒಮ್ಮೆ ನಡೆದು ನೋಡಲಿ. ನಮ್ಮ ಮನೆಯಲ್ಲಿ ಆ ಕೆಲಸ ತಂಗಿಯ ಅತ್ತೆಯವರದು. ಅವರಿಗೆ ಮೊಣಕಾಲು ನೋವು ಇರುವುದರಿಂದ, ಪಾದಚಾರಿ ಮೇಲ್ಸೇತುವೆ ಹತ್ತಿ ಇಳಿಯಬೇಕಾದ ಯಾವ ಜಾಗವೂ ನಮಗೆ ಹತ್ತಿರದ್ದಲ್ಲ ಎಂಬುದು ಮೊದಲ ದಿನವೇ ತೀರ್ಮಾನವಾಯಿತು.

ಆ ಗಡಿಯೊಳಗೆ ಏನೇನಿದೆ ಎಂಬುದನ್ನು ಅಂತರ್ಜಾಲದಲ್ಲಿ ಹುಡುಕಿ ಪ್ರಯೋಜನವಿಲ್ಲ. ಗುಡಿಸಲು ಪ್ರದೇಶದ ಅಂಗನವಾಡಿಗಳು ಹಲವು ವೇಳೆ ಬಾಡಿಗೆ ಕೋಣೆಯಲ್ಲೋ, ಮಂಡಳದ (ಸ್ಥಳೀಯ ಸಂಘದ) ಕಚೇರಿಯಲ್ಲೋ, ಸಮಾಜ ಮಂದಿರದ ಮೂಲೆಯಲ್ಲೋ ಇರುತ್ತವೆ. ಬಾಗಿಲ ಪಕ್ಕದ ಗೋಡೆಯಲ್ಲಿ ಬಣ್ಣದಲ್ಲಿ ಬರೆದ ಕೇಂದ್ರದ ಸಂಖ್ಯೆಯೊಂದೇ ಗುರುತು. ಮನೆ ಮನೆಗೆ ಬರುವ ಪಾಲಿಕೆಯ ಆರೋಗ್ಯ ಸೇವಿಕೆಗೆ ತನ್ನ ಭಾಗದ ಅಂಗನವಾಡಿಗಳೆಲ್ಲ ಗೊತ್ತಿರುತ್ತವೆ, ಅವರನ್ನೇ ಕೇಳಿ. ಪಾಲಿಕೆ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರ ಕೋಣೆಗೇ ಹೋಗಿ, ಈ ಕಟ್ಟಡದಲ್ಲಿ ಬಾಲವಾಡಿ ಇದೆಯೇ, ಯಾವ ಮಾಧ್ಯಮದ್ದು ಎಂದು ಕೇಳಬೇಕು. ಒಂದೇ ಕಟ್ಟಡದಲ್ಲಿ ಮೂರು ಮಾಧ್ಯಮದ ಶಾಲೆಗಳು ಮಹಡಿ ಹಂಚಿಕೊಂಡಿರುವುದು ಈ ಊರಿನಲ್ಲಿ ಸಾಮಾನ್ಯವಾದ್ದರಿಂದ, ಕೆಳಗಿನ ಮಹಡಿಯವರು ‘ಇಲ್ಲ’ ಎಂದ ಮಾತ್ರಕ್ಕೆ ಮೇಲೆಯೂ ಇಲ್ಲವೆಂದು ತಿಳಿಯಬಾರದು.

ಹೋಗಬೇಕಾದ ಹೊತ್ತು

ಎಲ್ಲ ಜಾಗಗಳಿಗೂ ಒಂದೇ ಹೊತ್ತಿನಲ್ಲಿ ಹೋಗಿ. ಒಂದು ಕಡೆ ಪ್ರಾರ್ಥನೆಯ ಸಮಯಕ್ಕೆ, ಇನ್ನೊಂದು ಕಡೆ ಊಟದ ಸಮಯಕ್ಕೆ ಹೋದರೆ ಹೋಲಿಕೆಗೆ ಅರ್ಥವಿಲ್ಲ. ಬಾಗಿಲು ತೆರೆದ ಮುಕ್ಕಾಲು ಗಂಟೆಯ ನಂತರದ ಹೊತ್ತು ಒಳ್ಳೆಯದು. ತಡವಾಗಿ ಬರುವ ಮಕ್ಕಳೆಲ್ಲ ಬಂದಿರುತ್ತಾರೆ, ಊಟದ ಗಡಿಬಿಡಿ ಇನ್ನೂ ಶುರುವಾಗಿರುವುದಿಲ್ಲ. ಮೊದಲ ಸಲ ಹೇಳಿಯೇ ಹೋಗಿ, ಪರಿಚಯ ಮಾಡಿಕೊಂಡು, ಇನ್ನೊಮ್ಮೆ ಬರುತ್ತೇವೆ ಎಂದು ತಿಳಿಸಿ, ಎರಡನೆಯ ಸಲ ದಿನ ಹೇಳದೆ ಹೋಗಬೇಕು. ತಪಾಸಣೆಗೆ ಬಂದವರಂತೆ ನೋಟ್‌ಬುಕ್ ಹಿಡಿದು ನಿಲ್ಲಬಾರದು. ಸೇವಿಕೆಗೆ ಸಿಗುವುದು ಸಂಬಳವಲ್ಲ, ಮಾನಧನ, ಎಂದರೆ ಗೌರವಧನ. ಅವರ ತಲೆಯ ಮೇಲೆ ರಿಜಿಸ್ಟರುಗಳ ಜೊತೆಗೆ 2021ರಿಂದ ಮಕ್ಕಳ ಹಾಜರಿ, ತೂಕ ದಾಖಲಿಸುವ ಪೋಷಣ್ ಟ್ರ್ಯಾಕರ್ ಆ್ಯಪ್‌ನ ಕೆಲಸವೂ ಇದೆ. ನೆಲದ ಮೇಲೆ, ಮಕ್ಕಳ ಹಿಂದೆ, ಗೋಡೆಗೊರಗಿ ಕುಳಿತುಬಿಡಿ. ಹತ್ತು ನಿಮಿಷದಲ್ಲಿ ನೀವು ಅಲ್ಲಿರುವುದನ್ನು ಎಲ್ಲರೂ ಮರೆಯುತ್ತಾರೆ. ನೋಡಿದ್ದನ್ನು ಹೊರಗೆ ಬಂದ ಮೇಲೆ ಬರೆದುಕೊಂಡರಾಯಿತು.

ಕೋಣೆಯ ಅಳತೆ

2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿಯ ಜೊತೆಗೆ ಬಂದ ಮಾನದಂಡಗಳಲ್ಲಿ 30 ಮಕ್ಕಳಿಗೆ ಕನಿಷ್ಠ 35 ಚದರ ಮೀಟರ್ ಕೋಣೆ ಬೇಕೆಂದಿದೆ. ಮುಂಬಯಿಯವರ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 375 ಚದರ ಅಡಿ, ಎಂದರೆ ಒಂದು ಮಗುವಿಗೆ ಹನ್ನೆರಡೂವರೆ ಚದರ ಅಡಿ. ಟೇಪು ಹಿಡಿದು ಹೋಗಬೇಕಾಗಿಲ್ಲ, ನೆಲದ ಟೈಲ್ಸ್ ಎಣಿಸಿದರೆ ಸಾಕು. ಈಗ ಹೆಚ್ಚಾಗಿ ಹಾಕುವ ಟೈಲ್ಸ್ ಎರಡಡಿಗೆ ಎರಡಡಿ, ಅಂದರೆ ಒಂದಕ್ಕೆ ನಾಲ್ಕು ಚದರ ಅಡಿ; ಮಗುವಿಗೆ ಮೂರು ಟೈಲ್ಸ್ ಬಂದರೆ ಮಾನದಂಡ ಹೆಚ್ಚುಕಡಿಮೆ ಮುಟ್ಟಿದಂತೆ. ನಾವು ನೋಡಿದ ಮೊದಲ ಅಂಗನವಾಡಿಯಲ್ಲಿ ಒಂದು ಬದಿಗೆ ಐದು, ಇನ್ನೊಂದು ಬದಿಗೆ ಆರು, ಒಟ್ಟು ಮೂವತ್ತು ಟೈಲ್ಸ್ ಇದ್ದವು. ಅಂದು ಬಂದಿದ್ದ ಮಕ್ಕಳು ಇಪ್ಪತ್ತೆರಡು. ತಲೆಗೆ ಒಂದೂವರೆ ಟೈಲ್ಸೂ ಬರಲಿಲ್ಲ, ಅದರಲ್ಲಿಯೂ ಒಂದು ಕಪಾಟು, ಒಂದು ನೀರಿನ ಡ್ರಮ್ಮು, ಧಾನ್ಯದ ಎರಡು ಚೀಲಗಳಿಗೆ ಪಾಲು ಕೊಡಬೇಕಾಗಿತ್ತು. ಪಾಲಿಕೆ ಶಾಲೆಯ ನರ್ಸರಿ ಕೋಣೆ ಇದರ ನಾಲ್ಕು ಪಟ್ಟು. ಅಲ್ಲಿ ಟೈಲ್ಸ್ ಇರಲಿಲ್ಲ, ಹಳೆಯ ಶಹಾಬಾದಿ ಕಲ್ಲು. ನಮ್ಮ ಕಲಬುರಗಿ ಕಡೆಯ ಕಲ್ಲನ್ನು ಇಲ್ಲಿ ಹೆಜ್ಜೆಯಿಂದ ಅಳೆಯುವ ಯೋಗ ನನಗೆ ಬಂತು.

ಈ ನಗರದಲ್ಲಿ ಬಾಡಿಗೆ ಕೋಣೆಯ ಅಂಗನವಾಡಿ ಯಾವುದಾದರೂ ಆ ಮಾನದಂಡವನ್ನು ದಾಟೀತೆಂದು ನನಗನ್ನಿಸುವುದಿಲ್ಲ. ಅಂಗನವಾಡಿ ಎಂಬ ಮಾತಿನಲ್ಲಿರುವ ‘ಅಂಗಣ’ ನಮ್ಮ ಅಂಗಳವೇ. ಇದೇ ಮಹಾರಾಷ್ಟ್ರದ ಬೋರ್ಡಿ ಮತ್ತು ಕೋಸಬಾಡದಲ್ಲಿ ಶಿಶು ಶಿಕ್ಷಣತಜ್ಞೆಯರಾದ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಅವರು ಆದಿವಾಸಿ ಮಕ್ಕಳ ಮನೆಯಂಗಳಕ್ಕೇ ಹೋಗಿ ಕಲಿಸಿದ್ದರು. ಅಂಗಳವೇ ಇಲ್ಲದ ಊರಿಗೆ ಬಂದಾಗ ಆ ಹೆಸರು ಮಾತ್ರ ಉಳಿಯಿತು. ಹಾಗಾಗಿ ಅಳತೆಯನ್ನು ಉತ್ತೀರ್ಣ, ಅನುತ್ತೀರ್ಣ ಎಂದು ನೋಡದೆ, ಇರುವ ಜಾಗವನ್ನು ಸೇವಿಕೆ ಹೇಗೆ ಬಳಸುತ್ತಾರೆ ಎಂದು ನೋಡುವುದು ಲೇಸು. ಮಕ್ಕಳನ್ನು ಎರಡು ಗುಂಪು ಮಾಡಿ ಒಂದನ್ನು ಹೊಸ್ತಿಲಾಚೆಯ ನೆರಳಿಗೆ ಕರೆದೊಯ್ಯುವವರಿದ್ದಾರೆ; ಸಾಲಾಗಿ ಕೂರಿಸಿ, ಕೈ ಕಟ್ಟಿಸಿ, ಜಾಗದ ಕೊರತೆಯನ್ನು ಶಿಸ್ತೆಂದು ಕರೆಯುವವರೂ ಇದ್ದಾರೆ.

ತಲೆ ಎಣಿಕೆ

ಅದೇ ಮಾನದಂಡದಲ್ಲಿ ಮೂರರಿಂದ ಆರು ವರ್ಷದ 20 ಮಕ್ಕಳಿಗೆ ಒಬ್ಬ ದೊಡ್ಡವರು ಇರಬೇಕೆಂದಿದೆ. ಹೆಸರು ಬರೆಸಿದ ಮಕ್ಕಳೆಷ್ಟು ಎಂದು ಕೇಳಿ, ಅನಂತರ ಕಣ್ಣೆದುರಿಗಿರುವ ಮಕ್ಕಳನ್ನು ಎಣಿಸಿ. ಇವೆರಡರ ನಡುವೆ ದೊಡ್ಡ ಅಂತರವಿದ್ದರೆ ಊರಿಗೆ ಹೋಗಿದ್ದಾರೆ, ಜ್ವರ ಎಂಬ ಉತ್ತರ ಬರುತ್ತದೆ. ಎರಡನೆಯ ಸಲವೂ ಅದೇ ಅಂತರವಿದ್ದರೆ ಅಕ್ಕಪಕ್ಕದ ತಾಯಂದಿರು ಆ ಜಾಗದ ಬಗ್ಗೆ ತಮ್ಮ ಅಭಿಪ್ರಾಯವನ್ನು ಕಾಲಿನಿಂದಲೇ ಹೇಳಿದ್ದಾರೆಂದು ತಿಳಿಯಬೇಕು. ನರ್ಸರಿಯಲ್ಲಿ ನಲವತ್ತು ಮಕ್ಕಳಿಗೆ ಒಬ್ಬ ಶಿಕ್ಷಕಿ, ಒಬ್ಬ ಮಾವಶಿ (ಸಹಾಯಕಿ) ಇದ್ದರು. ಕಾಗದದಲ್ಲಿ ಇದು ಇಪ್ಪತ್ತಕ್ಕೊಬ್ಬರು ಎಂದಾಗುತ್ತದೆ, ಆದರೆ ಮಾವಶಿಯ ಬೆಳಗಿನ ಹೊತ್ತೆಲ್ಲ ಮಕ್ಕಳನ್ನು ಶೌಚಕ್ಕೆ ಕರೆದೊಯ್ಯುವುದರಲ್ಲಿಯೇ ಕಳೆಯುತ್ತಿತ್ತು.

ಮಾತು, ಎಲ್ಲಕ್ಕಿಂತ ಮುಖ್ಯವಾದದ್ದು

ಒಂದೇ ಒಂದನ್ನು ಮಾತ್ರ ನೋಡಲು ಸಮಯವಿದೆ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಗಡಿಯಾರ ನೋಡಿ ಇಪ್ಪತ್ತು ನಿಮಿಷ, ದೊಡ್ಡವರ ಬಾಯಿಂದ ಬರುವ ಮಾತನ್ನು ಮೂರು ಬಗೆಯಾಗಿ ಮನಸ್ಸಿನಲ್ಲಿ ಎಣಿಸುತ್ತಾ ಹೋಗಿ. ಕುಳಿತುಕೋ, ಸುಮ್ಮನಿರು, ಬಾಯಿಯ ಮೇಲೆ ಬೆರಳಿಡು ಎಂಬ ಆಜ್ಞೆಗಳು ಒಂದು ಬಗೆ. ಇಡೀ ಗುಂಪು ಒಕ್ಕೊರಲಿನಿಂದ ಉತ್ತರಿಸುವ ಪ್ರಶ್ನೆಗಳು ಇನ್ನೊಂದು ಬಗೆ. ‘ಇದು ಯಾವ ಬಣ್ಣ’ ಎಂದರೆ ‘ಲಾಲ್’ (ಕೆಂಪು) ಎಂದು ಕೋಣೆ ನಡುಗುತ್ತದೆ, ಯಾರಿಗೆ ಗೊತ್ತಿತ್ತು, ಯಾರು ಪಕ್ಕದವರ ಬಾಯಿ ನೋಡಿ ಕೂಗಿದರು ಎಂಬುದು ತಿಳಿಯುವುದಿಲ್ಲ. ಮೂರನೆಯದು ಒಂದೇ ಮಗುವಿನ ಕಣ್ಣು ನೋಡಿ ಕೇಳಿದ, ಉತ್ತರಕ್ಕಾಗಿ ಕಾಯ್ದ ಮಾತು. ಈ ಮೂರನೆಯ ಬಗೆ ಎಷ್ಟು ಸಲ ಬಂತು ಎಂಬುದರ ಮೇಲೆ ನಾನು ಕೋಣೆಗಳನ್ನು ಹೋಲಿಸುತ್ತೇನೆ. ನರ್ಸರಿಯಲ್ಲಿ ಇಪ್ಪತ್ತು ನಿಮಿಷಕ್ಕೆ ಅದು ಎರಡು ಸಲ ಬಂತು, ಎರಡೂ ಸಲ ಮುಂದಿನ ಸಾಲಿನ ಒಬ್ಬನೇ ಹುಡುಗನಿಗೆ.

ಮೂವತ್ತು ಟೈಲ್ಸಿನ ಅಂಗನವಾಡಿಯಲ್ಲಿ ನಾವು ಹೋದ ದಿನ ಸೇವಿಕೆ ಹಸಿ ಬಟಾಣಿಯ ಒಂದು ರಾಶಿಯನ್ನು ಚಾಪೆಯ ಮೇಲೆ ಸುರಿದುಕೊಂಡು ಕುಳಿತಿದ್ದರು. ಪ್ರತಿ ಮಗುವಿನ ಕೈಗೂ ಒಂದೊಂದು ಕಾಯಿ ಕೊಟ್ಟು, ಬಿಡಿಸುವ ಮೊದಲು ಒಳಗೆಷ್ಟು ಕಾಳಿದೆ ಹೇಳು ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ನೀಲಿ ಅಂಗಿಯ ಹುಡುಗನೊಬ್ಬ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ‘ಮೂರು’ ಎಂದ; ಬಿಡಿಸಿದರೆ ಆರಿದ್ದವು. ಸೇವಿಕೆ ತಪ್ಪು ಎನ್ನಲಿಲ್ಲ. ‘ಹಾಗಾದರೆ ಉಳಿದ ಮೂರು ಎಲ್ಲಿಂದ ಬಂದವು’ ಎಂದು ಕೇಳಿ, ಅವನು ಸಿಪ್ಪೆಯೊಳಗೆ ಬೆರಳಾಡಿಸಿ ಯೋಚಿಸುವಷ್ಟು ಹೊತ್ತು ಸುಮ್ಮನಿದ್ದರು. ಕೊನೆಗೆ ಅವನೇ ‘ಮಲಗಿದ್ದವು’ ಎಂದ. ಆ ಬಟಾಣಿ ಯೋಜನೆಯ ಸಾಮಗ್ರಿಯೇನಲ್ಲ, ಸಂಜೆಯ ಪಲ್ಯಕ್ಕೆಂದು ಸೇವಿಕೆ ತಮ್ಮ ಮನೆಗೆ ಕೊಂಡದ್ದು. ತರಕಾರಿ ಬಿಡಿಸುವ ಕೆಲಸವೂ ಆಯಿತಲ್ಲ ಎಂದು ಆಮೇಲೆ ನಕ್ಕರು. ಅದೇ ವಾರ ಎರಡನೆಯ ಅಂಗನವಾಡಿಯಲ್ಲಿ ಸರ್ಕಾರ ಕೊಟ್ಟ ಆಟಿಕೆಗಳ ಡಬ್ಬಿ ಇನ್ನೂ ಅಂಟುಪಟ್ಟಿಯನ್ನೂ ಕೀಳದೆ ಕಪಾಟಿನ ಮೇಲಿತ್ತು. ಹಾಳಾದರೆ ಲೆಕ್ಕ ಕೊಡಬೇಕಲ್ಲ ಎಂಬುದು ಅವರ ಭಯ, ಆ ಭಯ ಸುಳ್ಳೂ ಅಲ್ಲ. ಆದರೂ ಆಟಿಕೆ ಇದೆಯೇ ಎಂದು ಕೇಳುವುದರ ಬದಲು ಅದರ ಮೂಲೆ ಸವೆದಿದೆಯೇ ಎಂದು ನೋಡುವುದನ್ನು ಅಂದಿನಿಂದ ಕಲಿತೆ.

ಗೋಡೆಯ ಚಿತ್ರಗಳ ವಿಷಯದಲ್ಲಿಯೂ ಇದೇ ಮಾತು. ನೀವು ಮಗುವಿನ ಎತ್ತರಕ್ಕೆ ಕುಳಿತಾಗ ಕಣ್ಣಿಗೆ ಬೀಳುವ ಗೋಡೆಯಲ್ಲಿ ಏನಿದೆ ಎಂಬುದೊಂದೇ ಲೆಕ್ಕಕ್ಕೆ ಬರಬೇಕು. ಐದಡಿ ಮೇಲಿನ ಅಕ್ಷರಮಾಲೆ ಬರುವ ಅಧಿಕಾರಿಗಳಿಗಾಗಿ ಇರುವುದು.

ಬರೆಸುವ ಆತುರ

ತಂದೆ ತಾಯಿಯರು ಹೆಚ್ಚಾಗಿ ಎಡವುವುದು ಇಲ್ಲಿ. ಮೂರು ವರ್ಷದ ಮಕ್ಕಳ ಪಾಟಿಯ ತುಂಬ ಎ, ಬಿ, ಸಿ ಕಂಡರೆ ‘ಇಲ್ಲಿ ಓದಿಸುತ್ತಾರೆ’ ಎಂದು ಸಂತೋಷಪಡುತ್ತೇವೆ. ಶಾಲಾಪೂರ್ವ ಹಂತದಲ್ಲಿ ಬಾಯಿಮಾತಿನ ಅಥವಾ ಬರವಣಿಗೆಯ ಯಾವ ಪರೀಕ್ಷೆಯನ್ನೂ ಮಕ್ಕಳಿಗೆ ಕೊಡಬಾರದೆಂದು ಪಠ್ಯಕ್ರಮ ರೂಪಿಸುವ ರಾಷ್ಟ್ರೀಯ ಸಂಸ್ಥೆ ಎನ್‌ಸಿಇಆರ್‌ಟಿ 2019ರ ಮಾರ್ಗಸೂಚಿಯಲ್ಲಿ ಹೇಳಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಅವಧಿಯನ್ನು ಒಂದೇ ಬುನಾದಿ ಹಂತವೆಂದು ಕಂಡು, ಆಟದ ಮೂಲಕವೇ ಕಲಿಕೆ ನಡೆಯಬೇಕೆಂದಿದೆ. ಮಣ್ಣು ಕಲಸುವ, ಮಣಿ ಪೋಣಿಸುವ, ಕಾಗದ ಹರಿಯುವ ಬೆರಳು ಮುಂದೆ ತಾನಾಗಿಯೇ ಪೆನ್ಸಿಲು ಹಿಡಿಯುತ್ತದೆ. ನಾವು ನೋಡಿದ ಬಾಲವಾಡಿಯಲ್ಲಿ ಪೋಷಕರ ಒತ್ತಾಯಕ್ಕೆ ಮನೆಗೆಲಸ ಕೊಡಲು ಶುರುಮಾಡಿದ್ದಾಗಿ ಶಿಕ್ಷಕಿಯೇ ಹೇಳಿಕೊಂಡರು, ಹೇಳುವಾಗ ಅವರ ಮುಖದಲ್ಲಿ ಸಂಕೋಚವಿತ್ತು. ಆ ಸಂಕೋಚವನ್ನು ನಾನು ಅವರ ಪರವಾಗಿಯೇ ಬರೆದುಕೊಂಡೆ.

ಭಾಷೆಯ ಪ್ರಶ್ನೆ

ನಮ್ಮಂಥವರಿಗೆ ಇದು ತಪ್ಪಿದ್ದಲ್ಲ. ಬೃಹನ್ಮುಂಬಯಿ ಮಹಾನಗರಪಾಲಿಕೆ ತನ್ನ ಶಾಲೆಗಳನ್ನು ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು ಮತ್ತು ಕನ್ನಡ, ಹೀಗೆ ಎಂಟು ಮಾಧ್ಯಮಗಳಲ್ಲಿ ನಡೆಸುತ್ತಾ ಬಂದಿದೆ. ಕನ್ನಡ ಮಾಧ್ಯಮದ ಶಾಲೆ ನಿಮ್ಮ ನಡಿಗೆಯ ಗಡಿಯೊಳಗೆ ಇದ್ದರೆ ಅದನ್ನೂ ತಪ್ಪದೆ ನೋಡಿ, ಆದರೆ ಕನ್ನಡ ಎಂಬ ಒಂದೇ ಕಾರಣಕ್ಕೆ ನೋಡದೆ ಒಪ್ಪಿಕೊಳ್ಳಬೇಡಿ. ಉಳಿದ ಕೋಣೆಗಳಿಗೆ ಕೇಳಿದ ಪ್ರಶ್ನೆಗಳನ್ನೇ ಅದಕ್ಕೂ ಕೇಳಬೇಕು. ನಮ್ಮ ಗಡಿಯೊಳಗೆ ಅಂಥದ್ದು ಇರಲಿಲ್ಲ. ಹಾಗಿರುವಾಗ ಮಾಧ್ಯಮ ಯಾವುದು ಎಂಬುದಕ್ಕಿಂತ, ಕನ್ನಡ ಮಾತ್ರ ಬಲ್ಲ ಮಗು ಮೊದಲ ತಿಂಗಳು ಅಲ್ಲಿ ಹೇಗೆ ಬದುಕುತ್ತದೆ ಎಂಬ ಪ್ರಶ್ನೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅದನ್ನು ನಮಗೆ ತೋರಿಸಿಕೊಟ್ಟದ್ದು ನಮ್ಮ ಹುಡುಗಿಯೇ. ನರ್ಸರಿಯಲ್ಲಿ ಒಂದು ಗಂಟೆ ಕುಳಿತಿದ್ದಾಗ ಅವಳು ಶಿಕ್ಷಕಿಯ ಹತ್ತಿರ ಹೋಗಿ ಮೆಲ್ಲಗೆ ‘ಒಂದಕ್ಕೆ’ ಎಂದಳು. ಶಿಕ್ಷಕಿ ಒಳ್ಳೆಯವರು, ನಕ್ಕು, ತಲೆ ಸವರಿ, ಕೈಗೊಂದು ಬಣ್ಣದ ಕಡ್ಡಿ ಕೊಟ್ಟು ಕೂರಿಸಿದರು. ತಂಗಿ ಎದ್ದು ಓಡುವಷ್ಟರಲ್ಲಿ ಫ್ರಾಕು ಒದ್ದೆಯಾಗಿತ್ತು. ಮರಾಠಿಯಲ್ಲಿ ಅದಕ್ಕೆ ‘ಶೂ’ ಎನ್ನುತ್ತಾರೆ. ಮೂವತ್ತು ಟೈಲ್ಸಿನ ಅಂಗನವಾಡಿಯ ಮದತನೀಸ್ ಅಕ್ಕಲಕೋಟೆ ಕಡೆಯವರು, ಆ ಸೀಮೆಯ ಅನೇಕರಂತೆ ಅವರಿಗೂ ಕನ್ನಡ ಬರುತ್ತಿತ್ತು. ಅಲ್ಲಿ ಅವಳು ಬಾಯಿ ತೆರೆಯುವ ಮೊದಲೇ ‘ಯಾಕವ್ವಾ, ಬಾ’ ಎಂದು ಕರೆದೊಯ್ದರು. ಎಲ್ಲ ಕಡೆ ಅಕ್ಕಲಕೋಟೆಯವರು ಸಿಗುವುದಿಲ್ಲ, ನಿಜ. ಆದರೆ ನೀರು, ಹಸಿವು, ಒಂದಕ್ಕೆ, ನೋವು, ಅಮ್ಮ ಬೇಕು, ಈ ಐದು ಮಾತುಗಳನ್ನು ಒಂದು ಚೀಟಿಯಲ್ಲಿ ಮರಾಠಿ ಅಕ್ಷರಗಳಲ್ಲಿ ಬರೆದುಕೊಟ್ಟು, ಇವುಗಳನ್ನು ಕಲಿತುಕೊಳ್ಳುತ್ತೀರಾ ಎಂದು ಕೇಳಿ ನೋಡಿ. ಬಾಲವಾಡಿಯ ಶಿಕ್ಷಕಿ ಆ ಚೀಟಿಯನ್ನು ಅಲ್ಲಿಯೇ ಕಪಾಟಿನ ಬಾಗಿಲಿಗೆ ಅಂಟಿಸಿದರು. ಎರಡನೆಯ ಅಂಗನವಾಡಿಯಲ್ಲಿ ‘ಮಕ್ಕಳು ತಾವೇ ಮರಾಠಿ ಕಲಿಯುತ್ತವೆ ಬಿಡಿ’ ಎಂಬ ಉತ್ತರ ಬಂತು. ಮಾತು ನಿಜವೇ, ಆದರೆ ಕಲಿಯುವವರೆಗೆ ಏನು ಮಾಡಬೇಕೆಂಬುದಕ್ಕೆ ಅದು ಉತ್ತರವಲ್ಲ.

ಊಟ, ತೂಕ, ನೀರು

ಅಂಗನವಾಡಿಗೆ ಇತರ ಎರಡಕ್ಕಿಂತ ಹೆಚ್ಚಿನ ಬಲ ಇಲ್ಲಿದೆ. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೆ ಅಂಗನವಾಡಿಯ ಮೂಲಕ ಉಚಿತ ಆಹಾರ ಸಿಗಬೇಕು. ಮೂರು ದಾಟಿದವರಿಗೆ ಬೆಳಗಿನ ತಿಂಡಿ ಮತ್ತು ಬಿಸಿಯೂಟ. ಇದಕ್ಕೆ ಬಡತನ ರೇಖೆಯ ಷರತ್ತಿಲ್ಲ. ಮುಂಬಯಿಯಲ್ಲಿ ಊಟ ಬಹಳ ಕಡೆ ಸ್ವಸಹಾಯ ಗುಂಪುಗಳಾದ ಮಹಿಳಾ ಬಚತ್ ಗಟ್‌ಗಳ ಅಡುಗೆಮನೆಯಿಂದ ಡಬ್ಬಿಯಲ್ಲಿ ಬರುವುದರಿಂದ, ಡಬ್ಬಿ ಬರುವ ಹೊತ್ತಿಗೆ ಅಲ್ಲಿರಿ. ಮುಚ್ಚಳ ತೆಗೆದಾಗ ಹಬೆ ಏಳುತ್ತದೆಯೇ, ಖಿಚಡಿಯಲ್ಲಿ ಬೇಳೆ ಕಾಣುತ್ತದೆಯೇ, ಎರಡನೆಯ ಸಲ ಕೇಳಿದ ಮಗುವಿಗೆ ಬಡಿಸುತ್ತಾರೆಯೇ, ತಟ್ಟೆಯಲ್ಲಿ ಬಿಟ್ಟು ಎದ್ದವರೆಷ್ಟು ಎಂಬುದನ್ನು ನೋಡಿದರೆ ಗೋಡೆಯ ಮೇಲಿನ ವಾರದ ಆಹಾರಪಟ್ಟಿ ಓದುವ ಅಗತ್ಯವಿಲ್ಲ. ಸಾಧ್ಯವಾದರೆ ಒಂದು ಚಮಚ ತಿಂದು ನೋಡಿ. ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ.

ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ತೂಕ ನೋಡಬೇಕು. ಕಳೆದ ಮೂರು ತಿಂಗಳಲ್ಲಿ ಯಾವ ಯಾವ ದಿನ ತೂಕ ಮಾಡಿದಿರಿ ಎಂದು ಕೇಳಿ. ತೂಕದ ದಿನವೇ ಹೋಗಲು ಸಾಧ್ಯವಾದರೆ ಚಪ್ಪಲಿ, ಸ್ವೆಟರ್ ಬಿಚ್ಚಿಸುತ್ತಾರೆಯೇ, ಮಗು ಹತ್ತುವ ಮೊದಲು ಮುಳ್ಳು ಸೊನ್ನೆಯಲ್ಲಿತ್ತೇ ಎಂದು ಗಮನಿಸಿ. ತೂಕ ಕಡಿಮೆ ಬಂದ ಮಗುವಿನ ತಾಯಿಗೆ ಅದನ್ನು ಯಾರು, ಹೇಗೆ ಹೇಳಿದರು ಎಂಬುದನ್ನೂ ಕೇಳಿ ತಿಳಿಯಬಹುದು. ಬಾಲವಾಡಿ, ನರ್ಸರಿಗಳಲ್ಲಿ ಈ ವ್ಯವಸ್ಥೆಯನ್ನು ನಿರೀಕ್ಷಿಸಬೇಡಿ, ಆರೋಗ್ಯ ತಪಾಸಣೆ ಯಾವಾಗ ಎಂದಷ್ಟೇ ವಿಚಾರಿಸಿ.

ಶೌಚಾಲಯವನ್ನು ನೀವೇ ಒಳಗೆ ಹೋಗಿ ನೋಡಬೇಕು, ತೋರಿಸಿದ್ದನ್ನು ಹೊರಗಿನಿಂದ ನೋಡಿ ಬರಬಾರದು. ಮಗುವಿಗೆ ಚಿಲಕ ಎಟುಕುತ್ತದೆಯೇ, ಬಕೆಟ್ಟಿನಲ್ಲಿ ನೀರಿದೆಯೇ, ಬೀಗದ ಕೈ ಯಾರ ಹತ್ತಿರವಿದೆ. ಶೌಚಾಲಯವೇ ಇಲ್ಲದ ಕೇಂದ್ರಗಳಲ್ಲಿ ಮಕ್ಕಳನ್ನು ಸಾರ್ವಜನಿಕ ಶೌಚಾಲಯಕ್ಕೋ ಪಕ್ಕದ ಮನೆಗೋ ಕರೆದೊಯ್ಯುತ್ತಾರೆ. ಆ ಹೊತ್ತು ಉಳಿದ ಮಕ್ಕಳ ಜೊತೆ ಯಾರಿರುತ್ತಾರೆ ಎಂಬ ಪ್ರಶ್ನೆಯನ್ನು ಕೇಳಲೇಬೇಕು.

ಮಳೆಯಲ್ಲಿ ಒಮ್ಮೆ

ಪ್ರವೇಶದ ಓಡಾಟವೆಲ್ಲ ಬಿಸಿಲಿನಲ್ಲಿ ನಡೆಯುತ್ತದೆ, ಶಾಲೆ ಶುರುವಾಗುವುದು ಜೂನ್ ಮಧ್ಯದ ಮಳೆಯಲ್ಲಿ. ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್ ಕಡೆ ಮೊಣಕಾಲುದ್ದ ನೀರು ನಿಲ್ಲುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ನೋಡುವಾಗ ಗೋಡೆಯ ಬುಡದಲ್ಲಿ ತೇವದ ಗೆರೆ ಎಷ್ಟು ಎತ್ತರದವರೆಗಿದೆ ಎಂದು ನೋಡಿ. ಧಾನ್ಯದ ಚೀಲಗಳನ್ನು ಇಟ್ಟಿಗೆಯ ಮೇಲೆ ಎತ್ತಿ ಇಟ್ಟಿದ್ದರೆ ಅಲ್ಲಿ ನೀರು ಬರುತ್ತದೆಂದೇ ಅರ್ಥ. ಪಕ್ಕದ ಅಂಗಡಿಯವರನ್ನು ಕೇಳಿದರೆ ಹೋದ ಜುಲೈನಲ್ಲಿ ಎಷ್ಟು ದಿನ ಬಾಗಿಲು ಹಾಕಿತ್ತು ಎಂಬುದನ್ನು ಕರಾರುವಾಕ್ಕಾಗಿ ಹೇಳುತ್ತಾರೆ.

ತೆರೆದಿರುವ ದಿನಗಳು

ಅಂಗನವಾಡಿಯ ಪೂರಕ ಆಹಾರಕ್ಕೆ ವರ್ಷಕ್ಕೆ 300 ದಿನಗಳ ಲೆಕ್ಕವಿದೆ. ಪಾಲಿಕೆ ಶಾಲೆಯ ಆವರಣದಲ್ಲಿರುವವುಗಳಿಗೆ ದೀಪಾವಳಿಯ ರಜೆ, ಮೇ ತಿಂಗಳ ರಜೆ ಇರುವುದರಿಂದ, ತಾಯಿ ತಂದೆ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಆದರೆ ಕಾಗದದ ಮುನ್ನೂರನ್ನು ನಂಬಿ ಕೂರುವಂತೆಯೂ ಇಲ್ಲ. ನಾವು ಮೂರನೆಯ ಸಲ ಒಂದು ಕೇಂದ್ರಕ್ಕೆ ಹೋದಾಗ ಬಾಗಿಲಿಗೆ ಬೀಗವಿತ್ತು, ಬಾಗಿಲ ಮೇಲೆ ಸುಣ್ಣದ ಕಡ್ಡಿಯಲ್ಲಿ ‘ಮೀಟಿಂಗ್’ ಎಂದು ಬರೆದಿತ್ತು. ಕೆಲಸಕ್ಕೆ ರಜೆ ಹಾಕಿ ಬಂದಿದ್ದ ಭಾವ ಮೆಟ್ಟಿಲ ಮೇಲೆ ಕುಳಿತು ಗೊಣಗಿದರು. ಸಭೆ, ತರಬೇತಿ, ಸಮೀಕ್ಷೆ, ಪೋಲಿಯೊ ದಿನ, ಎಲ್ಲಕ್ಕೂ ಸೇವಿಕೆಯೇ ಹೋಗಬೇಕು. ಆ ದಿನ ಮದತನೀಸ್ ಬಾಗಿಲು ತೆರೆದು ಮಕ್ಕಳನ್ನು ಕೂರಿಸುವ ರೂಢಿ ಇದೆಯೇ, ಇಲ್ಲವೇ ಎಂಬುದರಲ್ಲಿಯೇ ನಮ್ಮ ಎರಡು ಅಂಗನವಾಡಿಗಳು ಬೇರೆಯಾದವು. ಮುಷ್ಕರದ ದಿನಗಳನ್ನು ಮಾತ್ರ ಯಾವ ಕೇಂದ್ರದ ಖಾತೆಗೂ ಬರೆಯಬೇಡಿ: 2023ರ ಡಿಸೆಂಬರ್ 4ರಂದು ಮಹಾರಾಷ್ಟ್ರದ ಅಂಗನವಾಡಿ ನೌಕರರು ಆರಂಭಿಸಿದ ಮುಷ್ಕರ ಜನವರಿಯವರೆಗೂ ನಡೆಯಿತು, ಅದು ಕೋಣೆಯ ಗುಣಕ್ಕೆ ಸಂಬಂಧಿಸಿದ್ದಲ್ಲ.

ತೀರ್ಮಾನಕ್ಕೆ ಬರುವುದು

ಹತ್ತಕ್ಕೆ ಇಷ್ಟೆಂದು ಅಂಕ ಕೊಟ್ಟು ಕೂಡಿಸುವ ಪದ್ಧತಿಯನ್ನು ನಾವು ಮೊದಲು ಮಾಡಿ ಕೈಬಿಟ್ಟೆವು. ದೊಡ್ಡ ಕೋಣೆಗೆ ಸಿಕ್ಕ ಅಂಕ, ಮಗುವಿನ ಮಾತು ಕೇಳದ ಕೊರತೆಯನ್ನು ಮುಚ್ಚಿಬಿಡುತ್ತದೆ. ಬದುಕಿನಲ್ಲಿ ಅದು ಹಾಗೆ ಮುಚ್ಚಿಹೋಗುವುದಿಲ್ಲ. ಅದರ ಬದಲು ಮೊದಲು ತೆಗೆದುಹಾಕಬೇಕಾದ್ದನ್ನು ತೆಗೆದುಹಾಕಿ. ಶೌಚಕ್ಕೆ ಸುರಕ್ಷಿತ ವ್ಯವಸ್ಥೆ ಇಲ್ಲದ, ಹೇಳದೆ ಹೋದ ಎರಡು ಸಲದಲ್ಲಿ ಎರಡೂ ಸಲ ಮುಚ್ಚಿದ್ದ, ಮಗುವಿನ ಮೇಲೆ ಕೈಯೆತ್ತಿದ್ದನ್ನು ನೀವೇ ಕಂಡ ಜಾಗಗಳು ಉಳಿದ ಗುಣ ಏನೇ ಇರಲಿ ಹೊರಗೆ. ಉಳಿದವುಗಳಿಗೆ ನೋಟ್‌ಬುಕ್ಕಿನಲ್ಲಿ ಒಂದೊಂದು ಪುಟ ಕೊಟ್ಟು, ಕಂಡದ್ದನ್ನು ವಾಕ್ಯದಲ್ಲಿ ಬರೆಯಿರಿ. ‘ಚೆನ್ನಾಗಿದೆ’ ಎಂದು ಬರೆಯದೆ ‘ಅಳುತ್ತಿದ್ದ ಮಗುವನ್ನು ಸೇವಿಕೆ ತೊಡೆಯ ಮೇಲೆ ಕೂರಿಸಿಕೊಂಡೇ ಹಾಡು ಹೇಳಿಸಿದರು’ ಎಂದು ಬರೆದರೆ, ಎರಡು ವಾರದ ನಂತರ ಓದುವಾಗ ಕೋಣೆ ಮತ್ತೆ ಕಣ್ಣೆದುರು ಬರುತ್ತದೆ.

ನಾವು ಆರಿಸಿಕೊಂಡದ್ದು ಮೂವತ್ತು ಟೈಲ್ಸಿನ ಕೋಣೆಯನ್ನು. ಜಾಗ ಸಾಲದೆಂಬುದು ಗೊತ್ತಿತ್ತು, ಈಗಲೂ ಸಾಲದು. ಸಂಜೆ ಮಗುವನ್ನು ಮೈದಾನಕ್ಕೆ ಕರೆದೊಯ್ಯುವುದು ಮನೆಯವರ ಹೊಣೆಯೆಂದು ಅಂದೇ ಒಪ್ಪಿಕೊಂಡೆವು. ನಾಲ್ಕೂವರೆ ವರ್ಷದ ಹೊತ್ತಿಗೆ ಬಾಲವಾಡಿಗೆ ಬದಲಿಸಬೇಕೆಂಬ ವಿಚಾರವೂ ಇದೆ, ಏಕೆಂದರೆ ಅಲ್ಲಿಂದ ಒಂದನೆಯ ತರಗತಿಗೆ ಹೋಗಲು ಅದೇ ಕಟ್ಟಡದ ಎದುರು ಬಾಗಿಲು ದಾಟಿದರೆ ಸಾಕು, ಮಗುವಿಗೆ ಆವರಣ ಹೊಸದೆನಿಸುವುದಿಲ್ಲ. ಮೂರು ವರ್ಷಕ್ಕೆ ಸರಿಯಾದ ಜಾಗವೇ ಐದು ವರ್ಷಕ್ಕೂ ಸರಿಯಾಗಬೇಕೆಂದಿಲ್ಲವಾದ್ದರಿಂದ ನೋಟ್‌ಬುಕ್ಕನ್ನು ಎಸೆಯದೆ ಇಟ್ಟುಕೊಂಡಿದ್ದೇವೆ.

ಹೆಸರು ಬರೆಸುವಾಗ ಮಗುವಿನ ಜನನ ಪ್ರಮಾಣಪತ್ರ, ಲಸಿಕೆಯ ಕಾರ್ಡು ಮತ್ತು ಮಗುವಿನ ಹಾಗೂ ತಾಯಿಯ ಆಧಾರ್ ಕಾರ್ಡುಗಳ ಪ್ರತಿ ಇಟ್ಟುಕೊಂಡು ಹೋಗಿ. ದೊಡ್ಡ ಮಗುವನ್ನು ಬಾಲವಾಡಿಗೋ ನರ್ಸರಿಗೋ ಸೇರಿಸುವವರು ಇನ್ನೊಂದನ್ನು ಮರೆಯಬಾರದು. ಮನೆಯಲ್ಲಿ ಮೂರು ವರ್ಷದೊಳಗಿನ ಕೂಸು ಇದ್ದರೆ, ಅಥವಾ ಯಾರಾದರೂ ಗರ್ಭಿಣಿ, ಬಾಣಂತಿ ಇದ್ದರೆ, ಅವರ ಪಾಲಿನ ಮನೆಗೊಯ್ಯುವ ಆಹಾರ ನಿಮ್ಮ ಭಾಗದ ಅಂಗನವಾಡಿಯಿಂದಲೇ ಬರಬೇಕು. ದೊಡ್ಡವಳು ಇಲ್ಲಿಗೆ ಬರುವುದಿಲ್ಲ ಎಂದು ಸೇವಿಕೆಗೆ ತಿಳಿಸಲು ಹೋದ ದಿನವೇ ಚಿಕ್ಕವರ ಹೆಸರನ್ನು ಬರೆಸಿ ಬನ್ನಿ.